ಹಿತ್ತಿಲಿಗೊಂದು ಕೊಳ

ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೊರಟ ಬಸ್ಸು ಹುಣಸೂರನ್ನು ದಾಟಿ ಪಿರಿಯಾಪಟ್ಟಣದ ದಾರಿ ಹಿಡಿಯುತ್ತಿದ್ದಂತೆ ಕಿಟಕಿಯ ಹೊರಗೆ ಎರಡು ನೋಟಗಳು ಕಣ್ಣಿಗೆ ಬೀಳುತ್ತವೆ. ಒಂದು, ಹೊಗೆಸೊಪ್ಪನ್ನು ಹದಮಾಡುವ ಎತ್ತರದ ಬ್ಯಾರನ್ನುಗಳು. ಇನ್ನೊಂದು, ಕೆಂಪು ಹೊಲದ ಮೂಲೆಯಲ್ಲಿ ಕರಿಯ ಹಾಳೆಯನ್ನು ಹಾಸಿಕೊಂಡು ಮಲಗಿದ ಚೌಕಾಕಾರದ ನೀರು. ಮೊದಲನೆಯದು ಹಳೆಯ ನೋಟ; ಎರಡನೆಯದು ಈಚಿನದು. ರಾಜ್ಯ ಸರ್ಕಾರವು 2014ರಲ್ಲಿ ಕೃಷಿ ಭಾಗ್ಯ ಯೋಜನೆಯನ್ನು ಆರಂಭಿಸಿ, ಸಾಮಾನ್ಯ ವರ್ಗದ ರೈತರಿಗೆ ಶೇಕಡ 80ರಷ್ಟು, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಶೇಕಡ 90ರಷ್ಟು ಸಹಾಯಧನ ನೀಡತೊಡಗಿದ ಮೇಲೆ ಕೃಷಿ ಹೊಂಡವೆಂಬ ಮಾತು ನಾಡಿನ ಮೂಲೆಮೂಲೆಗೂ ಪರಿಚಿತವಾಯಿತು.

ಹೊಂಡವು ಹೊಲಕ್ಕೆ ಬಂದ ಮೇಲೆ ಅದರ ತಮ್ಮನೊಬ್ಬ ಮನೆಯ ಹಿತ್ತಿಲಿಗೂ ಬಂದಿದ್ದಾನೆ. ನಿವೇಶನದ ಹಿಂಬದಿಯಲ್ಲಿ ಹತ್ತಡಿ ಜಾಗ ಉಳಿದರೆ ಸಾಕು, ಅಲ್ಲೊಂದು ತಾವರೆಯ ಕೊಳವಿರಲಿ ಎಂದು ಬಯಸುವ ಗೃಹಸ್ಥರುಂಟು. ತೋಟದ ಮನೆ ಕಟ್ಟಿಕೊಂಡವರಿಗೆ, ಕಬಿನಿಯ ಹಿನ್ನೀರಿನ ಬಳಿ ವಸತಿಗೃಹ ನಡೆಸುವವರಿಗೆ, ಶಾಲೆಯ ಅಂಗಳವನ್ನು ಅಂದಗೊಳಿಸಬೇಕೆಂಬ ಉಪಾಧ್ಯಾಯರಿಗೆ ಇದೇ ಆಸೆ. ಆಸೆಯಿದ್ದಲ್ಲಿ ಉದ್ಯೋಗವೂ ಹುಟ್ಟಬೇಕಷ್ಟೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ತರುಣರು ಕೈಹಾಕಬಹುದಾದ ಒಂದು ಕಿರು ಉದ್ಯಮ ಇದರಲ್ಲಿ ಅಡಗಿದೆ. ಆದರೆ ಗುಂಡಿ ತೋಡಿದವರೆಲ್ಲ ಕೊಳ ಕಟ್ಟಿದವರಾಗುವುದಿಲ್ಲ. ನೀರು ನಿಲ್ಲುವಂತೆ ಮಾಡುವುದು, ನಿಂತ ನೀರು ಕೆಡದಂತೆ ನೋಡಿಕೊಳ್ಳುವುದು, ಆ ನೀರು ಯಾರ ಪ್ರಾಣವನ್ನೂ ಕೇಳದಂತೆ ಎಚ್ಚರವಹಿಸುವುದು, ಈ ಮೂರೂ ಕೂಡಿದರೆ ಮಾತ್ರ ಕೊಳ.

ಕೆರೆಯ ನಾಡು

ನೀರು ನಿಲ್ಲಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಂಪಿಯಲ್ಲಿರುವ 15ನೆಯ ಶತಮಾನದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ, ತಾಯಿಯು ಎಳೆಗೂಸಿಗೆ ಹಾಲೂಡಿಸುತ್ತ ಹೇಳುವ ಉಪದೇಶಗಳ ಸಾಲಿನಲ್ಲಿ ಕೆರೆಯ ನಿರ್ಮಾಣಕ್ಕೇ ಮೊದಲ ಸ್ಥಾನ. 1866ರಲ್ಲಿ ಮೈಸೂರು ಸೀಮೆಯ ಕೆರೆಗಳನ್ನು ಕುರಿತು ಬರೆದ ಎಂಜಿನಿಯರ್ ಸ್ಯಾಂಕಿ, ಹೊಸದೊಂದು ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ಇಲ್ಲಿನ ಹಿಂದಿನವರು ಕೆಲಸ ಮುಗಿಸಿಟ್ಟಿದ್ದಾರೆಂದು ಬೆರಗುಪಟ್ಟನು. ಕೆರೆಯನ್ನು ಕಟ್ಟಿದವರಿಗೂ ಕಾಯ್ದವರಿಗೂ ಭೂಮಿಯನ್ನು ಬಿಟ್ಟುಕೊಡುವ ವಾಡಿಕೆಯಿತ್ತು. ಶಾಸನಗಳಲ್ಲಿ ಇದಕ್ಕೆ ಕೊಡಗೆ ಎಂದು ಹೆಸರು. ಕಟ್ಟುವ ಖರ್ಚು ಒಂದು ಸಲದ್ದು, ಕಾಯುವ ಖರ್ಚು ಪ್ರತಿವರ್ಷದ್ದು ಎಂಬ ಸತ್ಯವನ್ನು ಆ ಕಾಲದವರು ಅರಿತಿದ್ದರು. ಇಂದು ಕೊಳದ ಉದ್ಯೋಗಕ್ಕೆ ಇಳಿಯುವವರು ಮೊದಲು ಕಲಿಯಬೇಕಾದ ಪಾಠವೂ ಇದೇ.

ಮಣ್ಣು ಕೆಲಸವನ್ನೇ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಬೋವಿ ಜನರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಗಂಡಸರು ಹಾರೆ ಗುದ್ದಲಿಗಳಿಂದ ಅಗೆದುಹಾಕಿದ ಮಣ್ಣನ್ನು ಹೆಂಗಸರು ಮಂಕರಿಯಲ್ಲಿ ಹೊತ್ತು ಏರಿಗೆ ಸುರಿದು ನಾಡಿನ ಎಷ್ಟೋ ಕೆರೆಗಳು ಎದ್ದು ನಿಂತವು. ಅಗೆಯುವಾಗ ನಡುನಡುವೆ ಒಂದಿಷ್ಟು ಮಣ್ಣನ್ನು ಮುಟ್ಟದೆ ಕಂಬದಂತೆ ಬಿಡುವುದು ಅವರ ಪದ್ಧತಿ. ಅದೇ ಸಾಕ್ಷಿಗುಡ್ಡೆ. ಲೆಕ್ಕದವನು ಬಂದು ಗುಡ್ಡೆಯ ಎತ್ತರವನ್ನು ಅಳೆದರೆ ಗುಂಡಿಯ ಆಳ ತಿಳಿಯುತ್ತಿತ್ತು. ಅದರ ಮೇಲೆ ಕೂಲಿ. ಕೆಲಸಕ್ಕೆ ಸಾಕ್ಷಿಯನ್ನು ನೆಲದಲ್ಲೇ ಉಳಿಸಿಡುವ ಈ ಪ್ರಾಮಾಣಿಕ ಕ್ರಮದಿಂದಲೇ ಸಾಕ್ಷಿಗುಡ್ಡೆ ಎಂಬ ಮಾತು ರಾಜಕಾರಣಿಗಳ ಭಾಷಣದವರೆಗೂ ಹಬ್ಬಿದೆ. ಇಂದು ಹತ್ತು ಮಂದಿಯ ಒಂದು ವಾರದ ಕೆಲಸವನ್ನು ಜೆಸಿಬಿ ಯಂತ್ರವು ಒಂದು ಹಗಲಿನಲ್ಲಿ ಮಾಡಿ ಮುಗಿಸುತ್ತದೆ. ಆದರೆ ಎಲ್ಲಿ ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಯಂತ್ರ ಹೇಳಲಾರದು.

ನಾಲ್ಕು ತಾಲ್ಲೂಕು, ನಾಲ್ಕು ನೆಲ

ಒಂದೇ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದರೂ ಇವುಗಳ ನೆಲ ಒಂದೇ ಬಗೆಯದಲ್ಲ. ಹುಣಸೂರಿನ ಮೂಲಕ ಲಕ್ಷ್ಮಣತೀರ್ಥ ಹರಿಯುತ್ತದೆಯಾದರೂ ಹೊಳೆಯಿಂದ ದೂರದ ಹೊಲಗಳೆಲ್ಲ ಬಹುಮಟ್ಟಿಗೆ ಮರಳು ಬೆರೆತ ಕೆಂಪು ನೆಲ. ಪಿರಿಯಾಪಟ್ಟಣದ್ದೂ ಹೆಚ್ಚುಕಡಮೆ ಹಾಗೆಯೇ. ಈ ಮಣ್ಣಿನಲ್ಲಿ ತೋಡಿದ ಹೊಂಡಕ್ಕೆ ಹಾಸು ಇಲ್ಲದಿದ್ದರೆ ಮಳೆಗಾಲದಲ್ಲಿ ತುಂಬಿದ ನೀರು ನೋಡನೋಡುತ್ತ ಇಂಗಿಹೋಗುತ್ತದೆ. ಹೊಗೆಸೊಪ್ಪಿನ ಸಸಿಮಡಿಗೆ ನೀರು ಬೇಕಾಗುವುದೋ ಬೇಸಗೆಯಲ್ಲಿ, ಮುಂಗಾರಿನ ಮೊದಲ ಮಳೆಗಳಿಗೆ ಮುಂಚೆ. ಆಗ ಹೊಂಡದ ತಳದಲ್ಲಿ ಉಳಿದ ನೀರಿನ ಬೆಲೆ ಬೆಳೆಗಾರನಿಗೇ ಗೊತ್ತು.

ಕೃಷ್ಣರಾಜನಗರದ ಕಥೆಯೇ ಬೇರೆ. ಹಳೆಯ ಯಡತೊರೆಯು ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನಲುಗಿದ ಮೇಲೆ ಎತ್ತರದಲ್ಲಿ ಹೊಸದಾಗಿ ಯೋಜಿಸಿ ಕಟ್ಟಿದ ಊರದು. ಇಲ್ಲಿ ನಾಲೆಗಳುಂಟು, ಗದ್ದೆಗಳುಂಟು, ಅಂತರ್ಜಲವೂ ಹಲವೆಡೆ ಮೇಲಕ್ಕಿದೆ. ಗದ್ದೆಯ ಮಗ್ಗುಲಲ್ಲಿ ನಾಲ್ಕಡಿ ತೋಡಿದರೆ ನೀರು ತಾನಾಗಿ ಒಸರುವುದುಂಟು. ಅಂಥ ಕಡೆ ದುಡ್ಡು ಕೊಟ್ಟು ಪ್ಲಾಸ್ಟಿಕ್ ಹಾಳೆ ಹಾಸಿದರೆ, ಅಡಿಯಿಂದ ಒತ್ತುವ ನೀರು ಆ ಹಾಳೆಯನ್ನು ಗುಳ್ಳೆಯಂತೆ ಮೇಲಕ್ಕೆತ್ತಿಬಿಡುತ್ತದೆ. ಮೇಲಾಗಿ ಗದ್ದೆಗೆ ಹಾಕಿದ ಗೊಬ್ಬರ, ಸಿಂಪಡಿಸಿದ ಔಷಧಿ ಎರಡೂ ಬಸಿದು ಕೊಳಕ್ಕೆ ಬಂದರೆ ಒಂದರಿಂದ ಪಾಚಿ ಬೆಳೆಯುವುದು, ಮತ್ತೊಂದರಿಂದ ಮೀನು ಸಾಯುವುದು.

ಹೆಗ್ಗಡದೇವನಕೋಟೆಯಲ್ಲಿ ನೀರಿನ ದೊಡ್ಡ ಹೆಸರುಗಳಿಗೆ ಕೊರತೆಯಿಲ್ಲ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ, ನುಗು, ತಾರಕ, ಹೆಬ್ಬಳ್ಳ ಎಲ್ಲವೂ ಆ ಕಡೆಯವೇ. ಸರಗೂರಿನ ಸುತ್ತಿನಲ್ಲಿ ಹತ್ತಿ ಬೆಳೆಯುವ ಕಪ್ಪು ನೆಲವುಂಟು. ಕಪ್ಪು ಮಣ್ಣು ನೀರನ್ನು ಹಿಡಿದಿಡುತ್ತದೆ, ನಿಜ. ಆದರೆ ಬೇಸಗೆಯಲ್ಲಿ ಒಣಗಿದರೆ ಬಿರುಕು ಬಿಟ್ಟು, ಮುಂದಿನ ವರ್ಷದ ನೀರು ಆ ಬಿರುಕಿನಲ್ಲೇ ಇಳಿದುಹೋಗುತ್ತದೆ. ಆದಕಾರಣ ಅಲ್ಲಿಯ ಕೊಳವನ್ನು ಪೂರ್ಣವಾಗಿ ಒಣಗಲು ಬಿಡಬಾರದು. ನಾಗರಹೊಳೆ, ಬಂಡೀಪುರ ಕಾಡುಗಳ ಅಂಚಿನ ಊರುಗಳಲ್ಲಿ ಇನ್ನೊಂದು ಚಿಂತೆಯಿದೆ. ನೀರಿದ್ದಲ್ಲಿಗೆ ಆನೆ ಬರುತ್ತದೆ. ಕಡಿದಾದ ದಡದ, ಜಾರುವ ಹಾಸಿನ ಹೊಂಡಕ್ಕೆ ಇಳಿದ ಆನೆ ಮೇಲೇರಲಾರದೆ ಸಂಕಟಪಡುತ್ತದೆ. ಆದುದರಿಂದ ಕಾಡಂಚಿನ ಹೊಂಡಕ್ಕೆ ಒಂದು ಬದಿಯಲ್ಲಾದರೂ ನಿಧಾನವಾಗಿ ಏರುವ ಮಣ್ಣಿನ ಇಳಿಜಾರು ಇರಲೇಬೇಕು.

ತೋಡುವ ಮುನ್ನ

ಜಾಣ ಕೆಲಸಗಾರನು ಗುದ್ದಲಿ ಎತ್ತುವ ಮೊದಲು ಮಳೆ ಬರುವಾಗ ಹಿತ್ತಿಲನ್ನು ನೋಡಲು ಬಯಸುತ್ತಾನೆ. ನೀರು ಯಾವ ಕಡೆಯಿಂದ ಹರಿದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ಜೋರು ಮಳೆ ಹೇಳುವಷ್ಟು ಸ್ಪಷ್ಟವಾಗಿ ಯಾವ ನಕ್ಷೆಯೂ ಹೇಳದು. ಬಳಿಕ ಮೊಣಕಾಲುದ್ದದ ಗುಂಡಿಯೊಂದನ್ನು ತೋಡಿ, ಸಂಜೆ ನೀರು ತುಂಬಿ, ಬೆಳಗ್ಗೆ ನೋಡಬೇಕು. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ನೆಲ ಗಟ್ಟಿ. ಬರಿದಾಗಿದ್ದರೆ ಹಾಸು ಬೇಕೇಬೇಕು. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದರೆ ಚಕ್ಕುಲಿಯ ಎಳೆಯಂತೆ ನೀಳವಾಗಿ ಬಂದರೆ ಜೇಡಿ ಅಂಶ ಚೆನ್ನಾಗಿದೆ. ಪುಡಿಪುಡಿಯಾಗಿ ಉದುರಿದರೆ ಮರಳು ಹೆಚ್ಚು. ಮನೆಯ ಅಡಿಪಾಯ, ಶೌಚದ ಗುಂಡಿ, ತೆಂಗಿನ ಬೇರು, ಇವುಗಳ ಸಮೀಪದಲ್ಲಿ ತೋಡಬಾರದು. ಹುಣಸೆ, ಹೊಂಗೆಗಳ ಕೆಳಗೆ ತೋಡಿದರೆ ವರ್ಷವೆಲ್ಲ ಎಲೆ ಆರಿಸುವುದೇ ಕೆಲಸವಾಗುತ್ತದೆ. ತಾವರೆಗೆ ದಿನಕ್ಕೆ ಐದಾರು ಗಂಟೆಗಳ ಬಿಸಿಲು ಬೇಕು. ನೆರಳಿನಲ್ಲಿ ಅದು ಎಲೆ ಬಿಟ್ಟೀತು, ಹೂ ಬಿಡದು.

ಲೆಕ್ಕವನ್ನೂ ಮೊದಲೇ ಮಾಡಬೇಕು. ಮೇಲೆ 10 ಮೀಟರ್ ಚೌಕ, ಆಳ 3 ಮೀಟರ್, ಬದಿಗಳು ಒಂದಕ್ಕೊಂದು ಇಳಿಜಾರು, ತಳ 4 ಮೀಟರ್ ಚೌಕ. ಇಂತಹ ಹೊಂಡದಲ್ಲಿ ಸುಮಾರು 1,56,000 ಲೀಟರ್ ನೀರು ಹಿಡಿಯುತ್ತದೆ. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ಪೂರ್ತಿ ತುಂಬಿದ ಆ ಹೊಂಡದಿಂದ ದಿನವೊಂದಕ್ಕೆ 500 ಲೀಟರ್ ಗಾಳಿಗೆ ಹೋಯಿತು. ಮೂರು ತಿಂಗಳಲ್ಲಿ ಕಾಲು ಭಾಗದಷ್ಟು ನೀರನ್ನು ಸೂರ್ಯನೇ ಕುಡಿಯುತ್ತಾನೆ. ಅದಕ್ಕೇ ಹೊಲದ ಹೊಂಡ ಅಗಲಕ್ಕಿಂತ ಆಳವಾಗಿರುವುದು ಲೇಸು. ಹಿತ್ತಿಲ ಕೊಳಕ್ಕೆ ಈ ನಿಯಮ ಸಲ್ಲದು. ಅಲ್ಲಿ ಬೇಕಾದುದು ಸಂಗ್ರಹವಲ್ಲ, ಸೊಬಗು. ಉದ್ದ 10 ಅಡಿ, ಅಗಲ 6 ಅಡಿ, ಆಳ 2 ಅಡಿ ಇದ್ದರೆ ಧಾರಾಳವಾಯಿತು. ಅದರಲ್ಲಿ 3,400 ಲೀಟರ್ ನೀರು ನಿಲ್ಲುತ್ತದೆ. ಮೈಸೂರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸರಿಸುಮಾರು 800 ಮಿಲಿಮೀಟರ್ ಎಂದು ಹಿಡಿದರೆ, 1,000 ಚದರಡಿಯ ತಾರಸಿಯಿಂದ ಪೋಲು ಕಳೆದು 60,000 ಲೀಟರಿನಷ್ಟು ನೀರು ಸಿಗುತ್ತದೆ. ಕೊಳವು ಅದರ ಸಣ್ಣ ಪಾಲನ್ನಷ್ಟೇ ಕೇಳುತ್ತದೆ. ಮಿಕ್ಕಿದ್ದು ಕೋಡಿ ಹರಿದು ಬಾವಿಗೋ ಇಂಗುಗುಂಡಿಗೋ ಸೇರಿದರೆ ಮನೆಯ ಕೊಳವೆ ಬಾವಿಗೂ ಉಪಕಾರ.

ಏರಿ, ತೂಬು, ಕೋಡಿ

ನೂರು ಎಕರೆಯ ಕೆರೆಗೆ ಏನೇನು ಅಂಗಗಳುಂಟೋ ಹತ್ತಡಿಯ ಕೊಳಕ್ಕೂ ಅವೆಲ್ಲ ಬೇಕು. ಸುತ್ತಲಿನ ನೆಲಕ್ಕಿಂತ ಗೇಣುದ್ದ ಎತ್ತರದ ದಡವೇ ಅದರ ಏರಿ. ಅಂಗಳದ ಕೊಳಕು ನೀರು ನುಗ್ಗದಂತೆ ಅದು ತಡೆಯುತ್ತದೆ. ತಳದ ನೀರನ್ನು ಹೊರಬಿಡುವ ಕೊಳವೆಯೇ ತೂಬು. ಆ ನೀರನ್ನು ಗಿಡಗಳಿಗೆ ಹರಿಸಿದರೆ ಗೊಬ್ಬರವನ್ನೇ ಕೊಟ್ಟಂತೆ. ಹೆಚ್ಚಾದ ಮಳೆನೀರು ಹೊರಗೆ ಹೋಗುವ ದಾರಿಯೇ ಕೋಡಿ. ಕೋಡಿಯನ್ನು ಮರೆತ ಕೊಳ ಮೊದಲ ದೊಡ್ಡ ಮಳೆಗೇ ದಡವನ್ನು ಕೊಚ್ಚಿಕೊಂಡು ಹೋಗುತ್ತದೆ. ನೀರು ಒಳಬರುವ ಬಾಯಿಯಲ್ಲಿ ಎರಡಡಿ ಚೌಕದ ಹೂಳುಗುಂಡಿಯನ್ನು ಕಟ್ಟಬೇಕು. ಮಣ್ಣು, ಕಸ ಅಲ್ಲೇ ತಂಗಿ, ತಿಳಿನೀರು ಮಾತ್ರ ಮುಂದೆ ಹೋಗುತ್ತದೆ. ಹೂಳು ತುಂಬಿದ ಕೆರೆಗಳ ಪಾಡನ್ನು ಕಂಡ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಸಿನಲ್ಲಿ ಮೂರು ಬಗೆ. ಮೊದಲನೆಯದು ಗೋಡುಮಣ್ಣು. ಬೇಸಗೆಯಲ್ಲಿ ಒಣಗಿದ ಕೆರೆಯಂಗಳದಿಂದ ಪಂಚಾಯಿತಿಯ ಒಪ್ಪಿಗೆ ಪಡೆದು ತಂದ ಜೇಡಿಯನ್ನು ನೆನೆಸಿ, ಕಾಲಿನಿಂದ ತುಳಿದು, ಪದರ ಪದರವಾಗಿ ಒಂದಡಿ ದಪ್ಪಕ್ಕೆ ಮೆತ್ತಬೇಕು. ಖರ್ಚು ಕಡಮೆ, ಶ್ರಮ ಹೆಚ್ಚು. ತಾವರೆಗೆ ಇದಕ್ಕಿಂತ ಹಿತವಾದ ಹಾಸಿಗೆಯಿಲ್ಲ. ಎರಡನೆಯದು ಸಿಮೆಂಟು. ಅಂದವೂ ಗಟ್ಟಿತನವೂ ಉಂಟು. ಆದರೆ ಹೊಸ ಸಿಮೆಂಟಿನಿಂದ ಸುಣ್ಣದ ಖಾರ ನೀರಿಗೆ ಇಳಿಯುವುದರಿಂದ ಮೊದಲ ದಿನವೇ ಬಿಟ್ಟ ಮೀನು ಮರುದಿನ ತೇಲುತ್ತದೆ. ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಬೇಕು. ಬಾಳೆದಿಂಡನ್ನು ತುಂಡರಿಸಿ ನೆನೆಹಾಕುವ ರೂಢಿಯೂ ಇದೆ. ಮೂರನೆಯದು ಪ್ಲಾಸ್ಟಿಕ್ ಹಾಳೆ. ಕೃಷಿ ಹೊಂಡಗಳಿಗೆ ಬಳಸುವ 500 ಮೈಕ್ರಾನ್ ಹಾಳೆಯೆಂದರೆ ಅರ್ಧ ಮಿಲಿಮೀಟರ್ ದಪ್ಪದ್ದು. ಹಾಸುವ ಮೊದಲು ಕಲ್ಲು, ಬೇರುಗಳನ್ನು ಆರಿಸಿ ತೆಗೆದು, ತೆಳುವಾಗಿ ಮರಳು ಹರಡಿ, ಅಂಚುಗಳನ್ನು ದಡದ ಮೇಲಿನ ಚರಂಡಿಯಲ್ಲಿ ಹೂತು ಮಣ್ಣು ತುಂಬಬೇಕು. ಬಿಸಿಲು, ಇಲಿಯ ಹಲ್ಲು, ಮೇಕೆಯ ಗೊರಸು, ಈ ಮೂರೂ ಅದರ ವೈರಿಗಳು.

ಹಳೆಯ ಕೊಳದ ದುರಸ್ತಿಗೆ ಹೋದವನು ಮೊದಲು ಮಾಡಬೇಕಾದುದು ಬಕೆಟ್ಟಿನ ಪರೀಕ್ಷೆ. ಕೊಳದ ಮೆಟ್ಟಿಲ ಮೇಲೆ, ನೀರಿನಲ್ಲಿ ಮುಕ್ಕಾಲು ಮುಳುಗುವಂತೆ ತುಂಬಿದ ಬಕೆಟ್ಟನ್ನಿಟ್ಟು ಒಳಗಿನ ಮಟ್ಟವನ್ನೂ ಹೊರಗಿನ ಮಟ್ಟವನ್ನೂ ಗುರುತು ಮಾಡಬೇಕು. ಎರಡು ದಿನದ ಮೇಲೆ ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲಿನ ಕೆಲಸ. ಕೊಳದ ನೀರೇ ಹೆಚ್ಚು ಇಳಿದಿದ್ದರೆ ಸೋರಿಕೆಯುಂಟು. ಈ ಸರಳ ಪರೀಕ್ಷೆಯನ್ನು ಮಾಡದೆ ತಳವನ್ನೆಲ್ಲ ಒಡೆಸಿ ಗಿರಾಕಿಯ ದುಡ್ಡನ್ನು ನೀರಿಗೆ ಹಾಕುವುದು ಒಳ್ಳೆಯ ಕಸುಬುದಾರನ ಲಕ್ಷಣವಲ್ಲ.

ನೀರಿನ ಒಕ್ಕಲು

ಹಿತ್ತಿಲಲ್ಲಿ ಕೊಳವೆಂದೊಡನೆ ಮನೆಯ ಹೆಂಗಸರು ಕೇಳುವ ಮೊದಲ ಪ್ರಶ್ನೆ ಸೊಳ್ಳೆಯದು. ಪ್ರಶ್ನೆ ನ್ಯಾಯವಾದದ್ದೇ. ಬೆಚ್ಚನೆಯ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ರೆಕ್ಕೆ ಬಲಿತು ಹಾರುತ್ತದೆ. ಆದರೆ ಹತ್ತು ಹನ್ನೆರಡು ಗಪ್ಪಿ ಮೀನುಗಳಿರುವ ಕೊಳದಲ್ಲಿ ಮರಿಹುಳು ಬಲಿಯುವುದು ಕಷ್ಟ. ಏರೋಪ್ಲೇನ್ ಚಿಟ್ಟೆಯ ಮರಿಗಳೂ ಕಪ್ಪೆಗಳೂ ಅವುಗಳ ನೆರವಿಗೆ ಬರುತ್ತವೆ. ನಿಜವಾಗಿ ಭಯಪಡಬೇಕಾದುದು ಮೀನಿರುವ ಕೊಳಕ್ಕಲ್ಲ. ತಾರಸಿಯ ಮೇಲಿನ ಒಡೆದ ಮಡಕೆ, ಹಳೆಯ ಟೈರು, ಮುಚ್ಚಳವಿಲ್ಲದ ತೊಟ್ಟಿಗೆ. ಕೋಡಿಯ ನೀರು ಹಳ್ಳಕ್ಕೋ ಕೆರೆಗೋ ಸೇರುವಂತಿದ್ದರೆ ಮಾತ್ರ ಹೊರನಾಡಿನ ಈ ಮೀನನ್ನು ಬಿಡಬಾರದು. ಅದು ಅಲ್ಲಿಯ ಮೀನುಗಳ ಪಾಲನ್ನು ಕಸಿಯುತ್ತದೆ.

ಹೊಲದ ದೊಡ್ಡ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳನ್ನು ಸಾಕಬಹುದು. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಗೆ ನಿಷೇಧವಿದೆಯೆಂಬುದನ್ನು ಮರೆಯಬಾರದು. ಗಿಡಗಳಲ್ಲಿ ತಾವರೆ, ನೈದಿಲೆಗಳು ಸಾಕು. ನೀರಿನ ಮೇಲ್ಮೈಯ ಅರ್ಧದಷ್ಟನ್ನು ಎಲೆಗಳು ಮುಚ್ಚಿದರೆ ಪಾಚಿಗೆ ಬಿಸಿಲು ಸಿಗದು, ನೀರು ತಿಳಿಯಾಗಿರುತ್ತದೆ. ಅಂತರಗಂಗೆಯನ್ನು ಅಂದಕ್ಕೆಂದು ತಂದು ಬಿಟ್ಟವರು ಮಾತ್ರ ಕೆಲವೇ ವಾರಗಳಲ್ಲಿ ನೀರನ್ನೇ ಕಾಣದಂತಾಗುತ್ತಾರೆ.

ಪ್ರಾಣದ ಮಾತು

ಇಷ್ಟೆಲ್ಲ ಸರಿಯಾಗಿದ್ದು ಒಂದು ತಪ್ಪಿದರೆ ಕೊಳ ಕಟ್ಟಿದ್ದೇ ಶಾಪವಾದೀತು. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ತೀರಿಕೊಂಡ ಸುದ್ದಿ ರಾಜ್ಯದ ಒಂದಲ್ಲ ಒಂದು ಕಡೆಯಿಂದ ವರ್ಷವರ್ಷವೂ ಬರುತ್ತಿದೆ. ಆಡಲು ಹೋದ ಮಗು, ಅದನ್ನು ಎತ್ತಲು ಇಳಿದ ಅಣ್ಣ, ಇಬ್ಬರನ್ನೂ ಉಳಿಸಲು ಧುಮುಕಿದ ತಾಯಿ, ಹೀಗೆ ಒಬ್ಬರ ಹಿಂದೊಬ್ಬರು ಹೋದ ಉದಾಹರಣೆಗಳುಂಟು. ಕಾರಣ ಸರಳವಾದದ್ದು. ನೀರಿನೊಳಗೆ ಪಾಚಿ ಕಟ್ಟಿದ ಪ್ಲಾಸ್ಟಿಕ್ ಹಾಳೆ ಎಣ್ಣೆ ಸವರಿದಂತೆ ಜಾರುತ್ತದೆ. ಈಜು ಬಲ್ಲವನಿಗೂ ಅಲ್ಲಿ ಕಾಲೂರಲು ನೆಲೆಯಿಲ್ಲ, ಹಿಡಿಯಲು ಆಸರೆಯಿಲ್ಲ. ಹಳೆಯ ಕಲ್ಯಾಣಿಗೆ ನಾಲ್ಕೂ ಕಡೆ ಮೆಟ್ಟಿಲು ಇಟ್ಟವರು ಬರಿಯ ಅಂದಕ್ಕಾಗಿ ಇಟ್ಟವರಲ್ಲ. ನೀರಿಗೆ ಇಳಿದವನು ಮೇಲೆ ಬರಬೇಕು ಎಂಬ ವಿವೇಕ ಆ ಕಲ್ಲುಗಳಲ್ಲಿದೆ.

ಈ ಅಪಾಯಕ್ಕೆ ಪರಿಹಾರ ದುಬಾರಿಯದೇನಲ್ಲ. ಹೊಂಡದ ಸುತ್ತ ತಂತಿಬೇಲಿ. ನಾಲ್ಕೂ ಬದಿಗಳಲ್ಲಿ ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಟ್ಟ, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗ. ತೇಲುವ ಒಂದು ಟೈರಿನ ಟ್ಯೂಬು. ಒಂದು ಮೂಲೆಯಲ್ಲಿ ಮರಳಿನ ಚೀಲಗಳನ್ನು ಜೋಡಿಸಿದ ಮೆಟ್ಟಿಲು. ಕೃಷಿ ಭಾಗ್ಯವು ನಡುವೆ ನಿಂತು 2023-24ರಲ್ಲಿ ಮತ್ತೆ ಆರಂಭವಾದಾಗ ತಂತಿಬೇಲಿಯೂ ಅದರ ಭಾಗವಾದದ್ದು ಸಮಾಧಾನದ ಸಂಗತಿ. ಹಿತ್ತಿಲ ಕೊಳದ ಎರಡಡಿ ನೀರನ್ನೂ ಹಗುರವಾಗಿ ಎಣಿಸುವಂತಿಲ್ಲ. ಅಂಬೆಗಾಲಿಡುವ ಕೂಸಿಗೆ ಗೇಣುದ್ದದ ನೀರೂ ಮಡುವೇ. ಪುಟ್ಟ ಮಕ್ಕಳಿರುವ ಮನೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಗಟ್ಟಿಯಾದ ಕಬ್ಬಿಣದ ಜಾಲರಿ ಕೂರಿಸಬೇಕು. ತಾವರೆಯ ದಂಟು ಅದರ ಕಿಂಡಿಗಳಿಂದ ಮೇಲೆ ಬರುತ್ತದೆ, ಮಗು ಕೆಳಗೆ ಹೋಗದು. ಜಾಲರಿ ಬೇಡವೆನ್ನುವ ಗಿರಾಕಿಗೆ, ಮಗು ಬೆಳೆಯುವ ತನಕ ಕೊಳವೇ ಬೇಡವೆಂದು ಹೇಳುವ ಧೈರ್ಯ ಕೆಲಸಗಾರನಿಗಿರಬೇಕು.

ಕಸುಬಿನ ಲೆಕ್ಕ

ಈ ಉದ್ಯೋಗಕ್ಕೆ ಬೇಕಾದ ಬಂಡವಾಳ ಹೆಚ್ಚಿನದಲ್ಲ. ಹಾರೆ, ಗುದ್ದಲಿ, ಸಲಿಕೆ, ಅಳತೆಯ ಟೇಪು, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ, ಒಂದು ಲೆಕ್ಕದ ಪುಸ್ತಕ. ಜೆಸಿಬಿಯು ಗಂಟೆಯ ಬಾಡಿಗೆಗೆ ಸಿಗುತ್ತದೆ, ಕೊಳ್ಳಬೇಕಾಗಿಲ್ಲ. ಮಣ್ಣು ಬಲ್ಲವನೊಬ್ಬ, ಗಾರೆ ಕೆಲಸದವನೊಬ್ಬ, ಗಿಡ ಬಲ್ಲವರೊಬ್ಬರು ಕೂಡಿದರೆ ತಂಡವಾಯಿತು. ತಾವರೆ, ನೈದಿಲೆಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಮಾರುವುದು ಮನೆಯಲ್ಲಿರುವ ಹೆಣ್ಣುಮಕ್ಕಳೂ ನಡೆಸಬಹುದಾದ ಉಪಕಸುಬು.

ವರ್ಷದ ಕೆಲಸವನ್ನು ಮಳೆಯೇ ಹಂಚಿಕೊಡುತ್ತದೆ. ಸಂಕ್ರಾಂತಿ ಕಳೆದ ಮೇಲೆ ಮೇ ತಿಂಗಳವರೆಗೆ ತೋಡುವ, ಹೂಳೆತ್ತುವ ಕಾಲ. ಮುಂಗಾರು ಬರುವುದರೊಳಗೆ ಹಾಸು, ಕೋಡಿ ಮುಗಿದಿರಬೇಕು. ಮಳೆಗಾಲದಲ್ಲಿ ಗಿಡ ನೆಡುವುದು, ದಡ ನೋಡುವುದು. ಹೊಸ ಕೊಳ ಕಟ್ಟಿಸುವವರು ವರ್ಷಕ್ಕೆ ಕೆಲವರೇ ಸಿಕ್ಕಾರು. ಆದರೆ ಕಟ್ಟಿದ ಪ್ರತಿಯೊಂದು ಕೊಳಕ್ಕೂ ತಿಂಗಳಿಗೊಮ್ಮೆ ಎಲೆ ತೆಗೆಯುವ, ಹೂಳುಗುಂಡಿ ಬಳಿಯುವ, ಹಗ್ಗ ಜಾಲರಿಗಳನ್ನು ಪರೀಕ್ಷಿಸುವ ಕೆಲಸ ಉಳಿದೇ ಇರುತ್ತದೆ. ಆ ತಿಂಗಳ ಕೆಲಸವೇ ಈ ಕಸುಬಿನ ಅನ್ನ. ಹಿಂದಿನವರ ಕೊಡಗೆಯ ತತ್ವ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಲಸ ಒಪ್ಪಿಕೊಳ್ಳುವಾಗ ಉದ್ದ, ಅಗಲ, ಆಳ, ಹಾಸಿನ ದಪ್ಪ, ಎತ್ತಿದ ಮಣ್ಣನ್ನು ಎಲ್ಲಿ ಹಾಕುವುದು, ಸೋರಿದರೆ ಯಾರು ಹೊಣೆ ಎಂಬುದನ್ನೆಲ್ಲ ಕಾಗದದಲ್ಲಿ ಬರೆದುಕೊಂಡರೆ ಮುಂದೆ ಮನಸ್ತಾಪವಿಲ್ಲ. ಅದೇ ಇಂದಿನ ಸಾಕ್ಷಿಗುಡ್ಡೆ.

ನೆರೆಯ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಮೇಯಿಸುತ್ತಿದ್ದ ಕಾಮೇಗೌಡರು ಊರ ಬಳಿಯ ಬೆಟ್ಟದಲ್ಲಿ ಪ್ರಾಣಿಪಕ್ಷಿಗಳ ಬಾಯಾರಿಕೆಗಾಗಿ ಕಟ್ಟೆಗಳನ್ನು ತೋಡಿಸಿ, 2020ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದ ಮೂಲಕ ದೇಶಕ್ಕೆಲ್ಲ ಪರಿಚಿತರಾದರು. 2022ರಲ್ಲಿ ಅವರು ತೀರಿಕೊಂಡರು. ಅವರಿಗೆ ಅದು ಕಸುಬಾಗಿರಲಿಲ್ಲ, ವ್ರತವಾಗಿತ್ತು. ಎಲ್ಲರೂ ವ್ರತ ಹಿಡಿಯಲಾರರು. ಕಸುಬನ್ನಾದರೂ ವ್ರತದ ನಿಷ್ಠೆಯಿಂದ ಮಾಡಬಹುದು.

ನಮ್ಮ ಜನಪದರ ‘ಕೆರೆಗೆ ಹಾರ’ದಲ್ಲಿ ಕಟ್ಟಿಸಿದ ಕೆರೆಗೆ ನೀರು ಬಾರದೆ ಹೋಗಿ, ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಕಥೆಯಿದೆ. ಆ ಹಾಡನ್ನು ಕೇಳಿ ಕಣ್ಣೊರೆಸಿಕೊಂಡ ನಾಡು ಇದು. ಮಣ್ಣನ್ನು ಅರಿತು ತೋಡಿದ ಕೊಳಕ್ಕೆ ನೀರು ತಾನಾಗಿ ಬರುತ್ತದೆ. ಮೆಟ್ಟಿಲಿಟ್ಟು, ಬೇಲಿ ಕಟ್ಟಿ, ತಿಂಗಳಿಗೊಮ್ಮೆ ನೋಡಿಕೊಂಡ ಕೊಳವು ತಾವರೆಯನ್ನು ಕೊಡುತ್ತದೆ. ಯಾವ ಮನೆಯಿಂದಲೂ ಹಾರವನ್ನು ಕೇಳುವುದಿಲ್ಲ.